ಮನಸ್ಸು ಬರುವ ಮೊದಲೇ

ಆ ಉದ್ದನೆಯ ಪುಸ್ತಕ ಈಗಲೂ ನನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಇದೆ. ದಿನಸಿ ಅಂಗಡಿಯವರು ಸಾಲದ ಲೆಕ್ಕ ಬರೆದಿಡುತ್ತಾರಲ್ಲ, ಅಂಥದ್ದು. ಕೆಂಪು ರಟ್ಟು, ಬೆನ್ನಿಗೆ ಬಟ್ಟೆ. ಎಡಗಡೆ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಂಟೆಗಳು, ಮೇಲೆ ವಾರದ ಏಳು ದಿನ. ಪ್ರತಿ ಚೌಕದಲ್ಲೂ ಎರಡು ವಿಷಯ ಬರೆಯಬೇಕಿತ್ತು: ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ, ಮನಸ್ಸು ಹೇಗಿತ್ತು. ಮನಸ್ಸಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ. ಮೊದಲ ವಾರದ ಪುಟ ತೆಗೆದರೆ ಮಧ್ಯಾಹ್ನ ಮೂರರಿಂದ ಆರರ ತನಕ ಏಳೂ ದಿನ ಒಂದೇ ಸಾಲು. ಮಲಗಿದ್ದೆ, 1. ಮಲಗಿದ್ದೆ, 1. ಮಲಗಿದ್ದೆ, 1. ಅಕ್ಷರ ನನ್ನದೇ, ಆದರೆ ಅಷ್ಟು ಸಣ್ಣಗೆ ನಾನು ಎಂದೂ ಬರೆದವಳಲ್ಲ.

ನಾನು ಹಾಸನದಲ್ಲಿ ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವಳು. ಆರು ವರ್ಷದ ಹಿಂದೆ ಅಮ್ಮ ತೀರಿಕೊಂಡಳು. ಮೊದಲ ಎರಡು ಮೂರು ತಿಂಗಳು ಅಳುತ್ತಿದ್ದೆ. ಅದು ಎಲ್ಲರಿಗೂ ಅರ್ಥವಾಗುವ ದುಃಖ, ಬಂದವರು ಕೈ ಹಿಡಿದು ಕೂರುತ್ತಿದ್ದರು. ವರ್ಷಾಬ್ದಿಕದ ಹೊತ್ತಿಗೆ ಅಳು ನಿಂತಿತ್ತು, ಅದರ ಜೊತೆಗೆ ಉಳಿದದ್ದೂ ನಿಂತಿತ್ತು. ಊಟ ರುಚಿಸುತ್ತಿರಲಿಲ್ಲ. ತಲೆಗೆ ನೀರು ಹಾಕಿಕೊಳ್ಳಬೇಕು ಅಂದರೆ ಬಕೆಟ್ಟನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದ ಸೂತ್ರ ನಾನೇ ಬರೆದದ್ದಾ ಅನ್ನಿಸುತ್ತಿತ್ತು. ಕೊನೆಗೆ ಮೆಡಿಕಲ್ ರಜೆ ಹಾಕಿ ಮನೆಯಲ್ಲಿ ಉಳಿದೆ. ಯಜಮಾನರ ಕೆಲಸ ಬೇರೆ ಊರಿನಲ್ಲಿ, ಶನಿವಾರ ಬರುತ್ತಿದ್ದರು. ಮಗ ಹಾಸ್ಟೆಲ್‌ನಲ್ಲಿ. ಮನೆಯಲ್ಲಿ ನಾನೊಬ್ಬಳೇ.

ಮನಸ್ಸಿದ್ದರೆ ಮಾರ್ಗ ಅನ್ನುತ್ತಾರೆ. ನನ್ನ ಮುಂದೆ ಮಾರ್ಗಗಳೇನೋ ಇದ್ದವು, ಮನಸ್ಸೇ ಇರಲಿಲ್ಲ. ಅದು ಎಂದಾದರೂ ಒಂದು ಬೆಳಗ್ಗೆ ವಾಪಸು ಬರುತ್ತದೆ, ಬಂದ ಮೇಲೆ ಏಳೋಣ, ಬಂದ ಮೇಲೆ ಫೋನ್ ಎತ್ತೋಣ, ಬಂದ ಮೇಲೆ ಕಾಲೇಜಿಗೆ ಹೋಗೋಣ ಅಂತ ಕಾದು ಮಲಗಿದ್ದೆ. ಅಣ್ಣ ಅರಕಲಗೂಡಿನಿಂದ ವಾರಕ್ಕೊಮ್ಮೆ ಬಂದು ತಲೆಯ ಹತ್ತಿರ ಕೂತು ಹೇಳುತ್ತಿದ್ದ: "ಎದ್ದು ಓಡಾಡಮ್ಮ. ಹೀಗೆ ಮಲಗಿದ್ರೆ ಇಲ್ಲದ್ದೆಲ್ಲ ತಲೆಗೆ ಬರುತ್ತೆ. ಏನಾದ್ರೂ ಕೆಲಸ ಹಚ್ಕೋ." ಪ್ರೀತಿಯಿಂದಲೇ ಹೇಳುತ್ತಿದ್ದ. ಅವನು ಹೋದ ಮೇಲೆ ಗೋಡೆ ಕಡೆ ತಿರುಗಿ ಇನ್ನೂ ಎರಡು ಗಂಟೆ ಮಲಗುತ್ತಿದ್ದೆ. ಆಮೇಲೆ ನಾನು ಓದಿದ ಸಂಶೋಧನೆಯ ಪ್ರಕಾರ ಅಣ್ಣ ಹೇಳಿದ್ದು ಅರ್ಧ ಸರಿ. ಆ ಇನ್ನರ್ಧ ಏನು ಅಂತ ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮನೋವೈದ್ಯರು ಇದು ಖಿನ್ನತೆ ಅಂತ ಹೇಳಿ ಮಾತ್ರೆ ಬರೆದುಕೊಟ್ಟರು, ಜೊತೆಗೆ ಪಕ್ಕದ ಕೊಠಡಿಯ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಅಮ್ಮನ ಬಗ್ಗೆ, ನನ್ನ ಅಪರಾಧಭಾವದ ಬಗ್ಗೆ, ನಾನು ಯಾವ ಕೆಲಸಕ್ಕೂ ಬಾರದವಳು ಅನ್ನುವ ಯೋಚನೆಯ ಬಗ್ಗೆ ಹೇಳಲು ಸಿದ್ಧಳಾಗಿ ಹೋಗಿದ್ದೆ. ಆಕೆ ಕೇಳಿಸಿಕೊಂಡಳು, ಅವಸರ ಮಾಡಲಿಲ್ಲ. ಆದರೆ ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತಿದ್ದಳು: "ನಿನ್ನೆ ಎಷ್ಟು ಗಂಟೆಗೆ ಎದ್ರಿ ಮೇಡಂ? ಎದ್ದು ಮೊದಲು ಏನು ಮಾಡಿದ್ರಿ? ಆಮೇಲೆ?" ಪುಸ್ತಕದಲ್ಲಿ ಗೆರೆ ಹಾಕಿಕೊಟ್ಟವಳೂ ಆಕೆಯೇ.

ಎರಡನೇ ಸಲ ಹೋದಾಗ ಆಕೆ ಪುಟದ ಮೇಲೆ ಬೆರಳಾಡಿಸುತ್ತಾ ಬಂದು ಬುಧವಾರ ಸಂಜೆ ಏಳರ ಚೌಕದಲ್ಲಿ ನಿಂತಳು.

"ಇಲ್ಲಿ 4 ಇದೆಯಲ್ಲ?"

ಪಕ್ಕದ ಮನೆಯ ಹುಡುಗಿ, ಹತ್ತನೇ ಕ್ಲಾಸು, ಸಂಭವನೀಯತೆಯ ಲೆಕ್ಕ ಕೇಳಿಕೊಂಡು ಬಂದಿದ್ದಳು. ಎರಡು ದಾಳ ಎಸೆದರೆ ಮೊತ್ತ ಏಳು ಬರುವ ಸಾಧ್ಯತೆ ಎಷ್ಟು ಅನ್ನುವ ಲೆಕ್ಕ. ಹದಿನೈದು ನಿಮಿಷ.

"ಅದು ಲೆಕ್ಕಕ್ಕಿಲ್ಲ. ಅವಳೇ ಬಂದ್ಲು" ಅಂದೆ.

"ಬಂದಿದ್ದು ಅವಳು ಸರಿ. ಅಂಕಿ ಹಾಕಿದ್ದು ನೀವಲ್ವಾ ಮೇಡಂ?"

ಗುಂಪಿನಿಂದ ದೂರ ನಿಂತ ಅಂಕಿಯನ್ನು ಪರೀಕ್ಷಿಸದೆ ತೆಗೆದು ಎಸೆಯಬೇಡಿ ಅಂತ ಹದಿನೇಳು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ನನ್ನದೇ ಪುಟದಲ್ಲಿ ಎಲ್ಲ 1ರ ನಡುವೆ ಒಂದು 4 ನಿಂತಿದ್ದು ನನಗೆ ಕಂಡಿರಲಿಲ್ಲ.

ಆ ವಾರಕ್ಕೆ ಎರಡೇ ಕೆಲಸ. ಸೋಮವಾರ, ಬುಧವಾರ, ಶುಕ್ರವಾರ ಏಳು ಗಂಟೆಗೆ ಆ ಹುಡುಗಿಯನ್ನು ನಾನೇ ಕರೆಯಬೇಕು. ಇನ್ನೊಂದು, ರಾತ್ರಿ ಮಲಗುವ ಮೊದಲು ಫಿಲ್ಟರಿಗೆ ಕಾಫಿಪುಡಿ ಹಾಕಬೇಕು. ಅಮ್ಮ ಇದ್ದಾಗ ಆ ಹಿತ್ತಾಳೆ ಫಿಲ್ಟರ್ ಅವಳದು. ಅವಳು ಹೋದ ಮೇಲೆ ನಾನು ಅದನ್ನು ಮುಟ್ಟಿರಲಿಲ್ಲ. "ಕುಡಿಯೋದು ಬಿಡೋದು ಬೆಳಗ್ಗೆ ನೋಡೋಣ. ಪುಡಿ ಹಾಕಿ, ಬಿಸಿನೀರು ಹೊಯ್ದು, ಮುಚ್ಚಳ ಮುಚ್ಚಿ. ಅಷ್ಟೇ" ಅಂದಳು. ಮೊದಲ ರಾತ್ರಿ ಅಡುಗೆಮನೆಯಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತೆ. ಆಮೇಲೆ ಪುಡಿ ಹಾಕಿ, ಒತ್ತುಬಿಲ್ಲೆ ಇಟ್ಟು ಒತ್ತಿ, ನೀರು ಹೊಯ್ದೆ. ಕೆಳಗಿನ ಪಾತ್ರೆಗೆ ಮೊದಲ ಹನಿ ಬಿದ್ದ ಸದ್ದು ಕೇಳಿಸಿತು. ಪುಸ್ತಕದಲ್ಲಿ 2 ಅಂತ ಬರೆದೆ. ಮರುರಾತ್ರಿಯೂ 2. ನಾಲ್ಕನೇ ರಾತ್ರಿ ಮಾಡಲಿಲ್ಲ. ಅದಕ್ಕೆ ಆಕೆ ಬೈಯಲಿಲ್ಲ, "ಪರವಾಗಿಲ್ಲ" ಅಂತ ಸಮಾಧಾನವನ್ನೂ ಹೇಳಲಿಲ್ಲ. "ಆ ಹೊತ್ತಲ್ಲಿ ಏನಾಗಿತ್ತು?" ಅಂತ ಕೇಳಿದಳು. ಸಹೋದ್ಯೋಗಿಯೊಬ್ಬರ ಫೋನ್ ಬಂದಿತ್ತು, ಎತ್ತಿರಲಿಲ್ಲ, ಎತ್ತಲಿಲ್ಲವಲ್ಲ ಅಂತ ಕೊರಗುತ್ತಾ ಹಾಸಿಗೆಗೆ ಹೋಗಿದ್ದೆ. ಹಾಗಾದರೆ ಡಿಕಾಕ್ಷನ್ ಕೆಲಸವನ್ನು ಊಟದ ತಟ್ಟೆ ತೊಳೆದ ತಕ್ಷಣಕ್ಕೆ ಸರಿಸೋಣ ಅಂತ ತೀರ್ಮಾನವಾಯಿತು. ಬೆಳಗ್ಗೆ ಎದ್ದರೆ ಡಿಕಾಕ್ಷನ್ ಇಳಿದಿರುತ್ತಿತ್ತು. ಚೆಲ್ಲಲು ಮನಸ್ಸಾಗದೆ ಹಾಲು ಕಾಯಿಸುತ್ತಿದ್ದೆ. ಹಾಲು ಬೇಕಲ್ಲ ಅಂತ ಬಾಗಿಲು ತೆರೆಯುತ್ತಿದ್ದೆ. ಮೂರನೇ ವಾರದಲ್ಲಿ ಬೆಳಗಿನ ಏಳರ ಚೌಕದಲ್ಲಿ ಮೊದಲ ಸಲ 5 ಬಂತು.

ಕೆಲಸಕ್ಕೆ ಮರಳಿದ ಮೇಲೆ ಕುತೂಹಲ ಸುಮ್ಮನಿರಲಿಲ್ಲ. ಇಷ್ಟು ಸರಳವಾದದ್ದು ಚಿಕಿತ್ಸೆ ಹೇಗಾಗುತ್ತದೆ, ಇದನ್ನು ಯಾರು ಯಾವ ಅಳತೆಯಿಂದ ಅಳೆದರು ಅಂತ ಹುಡುಕಿಕೊಂಡು ಹೋದಾಗ ಸಿಕ್ಕವರು ನೀಲ್ ಜೇಕಬ್ಸನ್. ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಕ್ಲಿನಿಕಲ್ ಸೈಕಾಲಜಿಸ್ಟ್. ಗಂಡ ಹೆಂಡತಿಯ ನಡುವಿನ ಕಲಹದ ಚಿಕಿತ್ಸೆಯಲ್ಲಿ ಮೊದಲೇ ಹೆಸರು ಮಾಡಿದ್ದವರು. ಅಷ್ಟು ಹೊತ್ತಿಗೆ ಮನೋವೈದ್ಯ ಆರನ್ ಬೆಕ್ ರೂಪಿಸಿದ ಕಾಗ್ನಿಟಿವ್ ಥೆರಪಿ ಖಿನ್ನತೆಯ ಮುಖ್ಯ ಮಾತುಚಿಕಿತ್ಸೆಯಾಗಿ ನೆಲೆನಿಂತಿತ್ತು. ಖಿನ್ನತೆಯಲ್ಲಿ ಯೋಚನೆಗಳು ಸೊಟ್ಟಗಾಗುತ್ತವೆ, ಅವನ್ನು ನೇರ ಮಾಡಬೇಕು ಅನ್ನುವುದು ಅದರ ತಿರುಳು. ಆ ಚಿಕಿತ್ಸೆಯಲ್ಲಿ ಮೂರು ಪದರಗಳಿದ್ದವು. ಮೊದಲು ರೋಗಿಯನ್ನು ದಿನದ ಚಟುವಟಿಕೆಗಳಿಗೆ ಮರಳಿಸುವುದು. ನಂತರ ತಾನಾಗಿ ಹೊಳೆಯುವ ಕೆಟ್ಟ ಯೋಚನೆಗಳನ್ನು ಪರೀಕ್ಷಿಸುವುದು. ಕೊನೆಗೆ ಆಳದಲ್ಲಿ ಬೇರೂರಿದ ನಂಬಿಕೆಗಳನ್ನು ಬದಲಿಸುವುದು. ಮೊದಲ ಪದರವನ್ನು ಪೀಠಿಕೆ ಅಂತಲೇ ಎಣಿಸುತ್ತಿದ್ದರು.

ಜೇಕಬ್ಸನ್ ಕೇಳಿದ್ದು ನಮ್ಮ ಅಜ್ಜಿಯ ಕಷಾಯಕ್ಕೂ ಕೇಳಬಹುದಾದ ಪ್ರಶ್ನೆ. ಮೆಣಸು, ಶುಂಠಿ, ಜೇಷ್ಠಮಧು ಮೂರೂ ಹಾಕಿ ಕುದಿಸಿದರೆ ಕೆಮ್ಮು ನಿಲ್ಲುತ್ತದೆ ಸರಿ. ನಿಲ್ಲಿಸಿದ್ದು ಮೂರರಲ್ಲಿ ಯಾವುದು? ಒಂದು ಗುಂಪಿಗೆ ಬರೀ ಮೆಣಸಿನದು, ಇನ್ನೊಂದಕ್ಕೆ ಮೆಣಸು ಶುಂಠಿ, ಮತ್ತೊಂದಕ್ಕೆ ಪೂರ್ತಿ ಕಷಾಯ ಕೊಟ್ಟು ನೋಡಿದ ಹಾಗೆ ಅವರು 150 ಖಿನ್ನತೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದಕ್ಕೆ ಚಟುವಟಿಕೆಯ ಭಾಗ ಮಾತ್ರ, ಎರಡನೆಯದಕ್ಕೆ ಅದರ ಜೊತೆ ಯೋಚನೆಗಳ ಪರೀಕ್ಷೆ, ಮೂರನೆಯದಕ್ಕೆ ಇಡೀ ಚಿಕಿತ್ಸೆ. 1996ರಲ್ಲಿ ಪ್ರಕಟವಾದ ಫಲಿತಾಂಶ: ಚಿಕಿತ್ಸೆ ಮುಗಿದಾಗಲೂ, ಆರು ತಿಂಗಳ ಮೇಲೂ, ಪೂರ್ತಿ ಚಿಕಿತ್ಸೆ ಹೆಚ್ಚು ಒಳ್ಳೆಯದು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಎರಡು ವರ್ಷದ ಮೇಲೆ ನೋಡಿದಾಗಲೂ ಅಷ್ಟೇ. ಈ ಪ್ರಯೋಗದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: ಚಿಕಿತ್ಸೆ ಕೊಟ್ಟವರ ಒಲವು ಸ್ಪಷ್ಟವಾಗಿ ಪೂರ್ತಿ ಕಾಗ್ನಿಟಿವ್ ಥೆರಪಿಯ ಕಡೆಗಿತ್ತು, ಅದನ್ನು ಅವರು ಚೆನ್ನಾಗಿಯೇ ಮಾಡಿದ್ದರು. ಉತ್ತರ ಬಂದದ್ದು ಆ ಒಲವಿಗೆ ವಿರುದ್ಧವಾಗಿ.

ಆದರೂ ಸಂಖ್ಯಾಶಾಸ್ತ್ರದವಳಾಗಿ ಒಂದು ಮಾತು ಹೇಳಲೇಬೇಕು. ವ್ಯತ್ಯಾಸ ಕಾಣಲಿಲ್ಲ ಅನ್ನುವುದೂ ಎರಡೂ ಸಮ ಅನ್ನುವುದೂ ಒಂದೇ ಅಲ್ಲ. ಗುಂಪಿಗೆ ಸುಮಾರು ಐವತ್ತು ಜನರಿದ್ದಾಗ ಸಣ್ಣ ವ್ಯತ್ಯಾಸ ಕಣ್ಣು ತಪ್ಪಿಸಿಕೊಳ್ಳಬಹುದು. ಔಷಧಿಯ ಜೊತೆ ಹೋಲಿಕೆಯೂ ಅಲ್ಲಿರಲಿಲ್ಲ. ಜೇಕಬ್ಸನ್ ಅವರಿಗೂ ಇದು ಗೊತ್ತಿತ್ತು, ಇನ್ನೂ ದೊಡ್ಡ ಪ್ರಯೋಗ ಕಟ್ಟಿದರು. ಅದರ ಫಲ ನೋಡಲು ಅವರಿರಲಿಲ್ಲ. 1999ರಲ್ಲಿ ಹೃದಯಾಘಾತದಿಂದ ತೀರಿಕೊಂಡರು, ಆಗ ಅವರಿಗೆ 50 ವರ್ಷ. ಕ್ರಿಸ್ಟೋಫರ್ ಮಾರ್ಟೆಲ್, ಮೈಕಲ್ ಆಡಿಸ್, ಸೋನಾ ಡಿಮಿಜಿಯನ್ ಮೊದಲಾದ ಜೊತೆಗಾರರು ಕೆಲಸ ಮುಂದುವರಿಸಿದರು. ಅಷ್ಟರಲ್ಲಿ ಆ ಮೊದಲ ಪದರ ಬೆಳೆದು ಸ್ವಂತ ಚಿಕಿತ್ಸೆಯಾಗಿತ್ತು, ಅದರ ಹೆಸರು ಬಿಹೇವಿಯರಲ್ ಆ್ಯಕ್ಟಿವೇಶನ್, ಅಂದರೆ ನಡವಳಿಕೆಯನ್ನು ಮತ್ತೆ ಚುರುಕು ಮಾಡುವುದು. 2006ರಲ್ಲಿ ಡಿಮಿಜಿಯನ್ ಮೊದಲ ಲೇಖಕಿಯಾಗಿ ಬಂದ ಪ್ರಬಂಧದಲ್ಲಿ 241 ರೋಗಿಗಳಿದ್ದರು, ಹೋಲಿಕೆ ನಾಲ್ಕರ ನಡುವೆ: ಈ ಚಿಕಿತ್ಸೆ, ಕಾಗ್ನಿಟಿವ್ ಥೆರಪಿ, ಪ್ಯಾರೊಕ್ಸೆಟಿನ್ ಮಾತ್ರೆ, ಮದ್ದಿಲ್ಲದ ಹುಸಿಮಾತ್ರೆ. ಖಿನ್ನತೆ ತೀವ್ರವಾಗಿದ್ದವರಲ್ಲಿ ಈ ಚಿಕಿತ್ಸೆ ಮಾತ್ರೆಗೆ ಸರಿಸಮ ನಿಂತಿತು, ಎರಡೂ ಕಾಗ್ನಿಟಿವ್ ಥೆರಪಿಗಿಂತ ಮುಂದಿದ್ದವು. ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ. ನಾನು ಎರಡನ್ನೂ ತೆಗೆದುಕೊಂಡೆ, ವೈದ್ಯರು ಹೇಳಿದ ದಿನದವರೆಗೂ ತೆಗೆದುಕೊಂಡೆ.

ಇದರ ಬೇರು ಇನ್ನೂ ಹಿಂದಿನದು. 1970ರ ದಶಕದಲ್ಲಿ ಆರೆಗಾನ್ ವಿಶ್ವವಿದ್ಯಾಲಯದ ಪೀಟರ್ ಲೆವಿನ್ಸನ್ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಸೇದದ ಬಾವಿಯ ಕಥೆ. ನಾವು ಮಾಡಿದ ಕೆಲಸಕ್ಕೆ ಬದುಕಿನಿಂದ ಮರಳಿ ಏನೋ ಸಿಗುತ್ತಿರುತ್ತದೆ: ಒಂದು ನಗು, ಒಂದು ರುಚಿ, ಆಯಿತಲ್ಲ ಅನ್ನುವ ತೃಪ್ತಿ. ಸಾವು, ವರ್ಗಾವಣೆ, ಕಾಯಿಲೆ, ಸಾಲ, ಏನೋ ಒಂದು ಕಾರಣಕ್ಕೆ ಅದು ಕಡಿಮೆಯಾಗುತ್ತದೆ. ಸಿಗುವುದು ಕಡಿಮೆಯಾದಂತೆ ಮಾಡುವುದೂ ಕಡಿಮೆಯಾಗುತ್ತದೆ, ಮಾಡುವುದು ಕಡಿಮೆಯಾದಂತೆ ಸಿಗುವುದು ಇನ್ನೂ ಕಡಿಮೆ. ಕೊನೆಗೆ ಸೇದುವವರಿಲ್ಲದೆ ನೀರು ಹಳಸಿ ನಿಲ್ಲುತ್ತದೆ. ಯಾರಿಗೆ ಯಾವುದರಿಂದ ಹಿತ ಅಂತ ಗುರುತಿಸಲು ಲೆವಿನ್ಸನ್ ತಂಡ 320 ಚಟುವಟಿಕೆಗಳ ಪಟ್ಟಿಯನ್ನೇ ಮಾಡಿತ್ತು. ಆ ಪಟ್ಟಿಯಲ್ಲಿ ಡಿಸೆಂಬರಿನ ಅವರೆಕಾಯಿ ಸುಲಿಯುವುದು ಇರಲಾರದು. ನನ್ನ ಪಟ್ಟಿಯಲ್ಲಿ ಇತ್ತು.

1973ರಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಫರ್ಸ್ಟರ್ ತೋರಿಸಿದ್ದು ಇನ್ನೊಂದು ಮುಖ. ಖಿನ್ನತೆಯಲ್ಲಿರುವವರು ಏನೂ ಮಾಡುತ್ತಿಲ್ಲ ಅಂತ ಕಾಣುತ್ತದೆ, ಆದರೆ ಅವರು ಒಂದು ಕೆಲಸವನ್ನು ಬಿಡುವಿಲ್ಲದೆ ಮಾಡುತ್ತಿರುತ್ತಾರೆ, ತಪ್ಪಿಸಿಕೊಳ್ಳುವುದು. ಓದಿದಾಗ ನನ್ನ ಫೋನ್ ನೆನಪಾಯಿತು. ರಿಂಗ್ ಆಗುತ್ತದೆ, ಎದೆ ಬಿಗಿಯುತ್ತದೆ, ಹೇಗಿದ್ದೀರಿ ಅಂದರೆ ಏನು ಹೇಳಲಿ ಅನ್ನಿಸುತ್ತದೆ. ಫೋನನ್ನು ಮಗುಚಿ ಇಡುತ್ತೇನೆ. ರಿಂಗ್ ನಿಂತ ಕ್ಷಣ ಎದೆ ಸಡಿಲವಾಗುತ್ತದೆ. ಆ ಒಂದು ಕ್ಷಣದ ನಿರಾಳವೇ ಕೂಲಿ. ಆ ಕೂಲಿಗಾಗಿ ಮುಂದಿನ ಫೋನನ್ನೂ ಮಗುಚುತ್ತೇನೆ. ಎರಡು ತಿಂಗಳಲ್ಲಿ ಫೋನ್ ಮಾಡುವವರೇ ಇರುವುದಿಲ್ಲ. ಆಗ ನಾನು ಯಾರಿಗೂ ಬೇಡದವಳು ಅನ್ನುವ ಯೋಚನೆ ಸುಳ್ಳೂ ಆಗಿರುವುದಿಲ್ಲ! ಅಂಥ ಯೋಚನೆಯನ್ನು ವಾದ ಮಾಡಿ ಗೆಲ್ಲುವುದು ಹೇಗೆ? ಫೋನ್ ಎತ್ತಬೇಕು, ಎರಡು ನಿಮಿಷ ಮಾತ್ರ, ಹೇಳಬೇಕಾದ ವಾಕ್ಯವನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು. ನನ್ನ ಚೀಟಿಯಲ್ಲಿದ್ದದ್ದು: "ಹುಷಾರಿಲ್ಲ, ಔಷಧಿ ತಗೋತಿದೀನಿ, ಮುಂದಿನ ವಾರ ನಾನೇ ಮಾಡ್ತೀನಿ."

ಮತ್ತೆ ಮತ್ತೆ ಅದನ್ನೇ ಮೆಲುಕು ಹಾಕುವುದನ್ನೂ ಈ ಚಿಕಿತ್ಸೆಯವರು ಒಂದು ಕೆಲಸ ಅಂತಲೇ ನೋಡುತ್ತಾರೆ. ಅಮ್ಮನನ್ನು ಎರಡು ದಿನ ಮೊದಲೇ ಆಸ್ಪತ್ರೆಗೆ ಸೇರಿಸಿದ್ದರೆ ಅನ್ನುವ ಯೋಚನೆ ನನ್ನದು. ಅದು ಸರಿಯೋ ತಪ್ಪೋ ಅಂತ ಸೈಕಾಲಜಿಸ್ಟ್ ಚರ್ಚೆಗೇ ಇಳಿಯಲಿಲ್ಲ. "ಅರ್ಧ ಗಂಟೆ ಅದನ್ನೇ ಯೋಚನೆ ಮಾಡಿದ ಮೇಲೆ ಏನು ಸಿಕ್ತು ಮೇಡಂ? ಆ ಅರ್ಧ ಗಂಟೇಲಿ ಯಾವುದರಿಂದ ತಪ್ಪಿಸ್ಕೊಂಡ್ರಿ?" ಅಂದಳು. ಸ್ವಲ್ಪ ಕಠಿಣ ಅನ್ನಿಸಿತು. ಮನೆಗೆ ಬಂದು ಪುಸ್ತಕ ನೋಡಿದೆ. ಮೆಲುಕು ಹಾಕಿದ ಹೊತ್ತೆಲ್ಲ ಸಂಜೆ ನಾಲ್ಕು, ನಾಲ್ಕೂವರೆ. ಅಮ್ಮನಿಗೆ ಕಾಫಿ ಕೊಡುತ್ತಿದ್ದ ಹೊತ್ತು.

ಈಗ ಅಣ್ಣನ ಮಾತಿಗೆ ಬರುತ್ತೇನೆ. ಎದ್ದು ಏನಾದರೂ ಮಾಡು ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಹಲವರು ಕೇಳಿದ್ದಾರೆ, ಕೇಳುವುದು ನ್ಯಾಯವೇ. ಅಣ್ಣ ಹೇಳಿದ 'ಏನಾದರೂ' ಅನ್ನುವ ಮಾತೇ ನನ್ನನ್ನು ಮುಳುಗಿಸುತ್ತಿತ್ತು. ಏನಾದರೂ ಅಂದರೆ ಎಲ್ಲವೂ: ಮನೆ ಗುಡಿಸುವುದು, ಕಾಲೇಜು, ಬಟ್ಟೆ, ಬಂಧುಗಳ ಮದುವೆ. ಆ ರಾಶಿಯನ್ನು ನೋಡಿಯೇ ಮಲಗಿದವಳು ನಾನು. ಸೈಕಾಲಜಿಸ್ಟ್ ಕೊಟ್ಟದ್ದು ಎರಡು ಚಮಚ ಕಾಫಿಪುಡಿ. ಯಾವ ಕೆಲಸ ಅನ್ನುವುದು ನನ್ನದೇ ಪುಸ್ತಕದಿಂದ ಎದ್ದು ಬಂದಿತ್ತು. ಯಾವ ಹೊತ್ತು, ಎಷ್ಟು ಹೊತ್ತು, ಅಡ್ಡ ಬರುವುದು ಯಾವುದು ಅಂತ ಮೊದಲೇ ಕೂತು ನೋಡಿದ್ದೆವು. ಅಣ್ಣ ಹೇಳಿದ್ದನ್ನು ಮಾಡದಿದ್ದರೆ ಅದು ನನ್ನ ಸೋಮಾರಿತನದ ಸಾಕ್ಷಿ. ಪುಸ್ತಕದಲ್ಲಿ ಮಾಡದೆ ಉಳಿದ ಚೌಕ ಮುಂದಿನ ಭೇಟಿಯ ಪಾಠ. ಇನ್ನೊಂದು ಮಾತು, ಆಕೆ ನನಗೆ ಖುಷಿಯಾಗಿರಿ ಅಂತ ಒಂದು ದಿನವೂ ಹೇಳಲಿಲ್ಲ. 2 ಬಂದರೆ 2. ಮನಸ್ಸು ಹಿಂದಿನಿಂದ ಬರುತ್ತದೆ, ಅದಕ್ಕಾಗಿ ಬಾಗಿಲಲ್ಲಿ ಕಾಯುವುದು ಬೇಡ ಅನ್ನುವ ಹಾಗೆ ನಡೆದುಕೊಂಡಳು.

ಇದು ಸರಳವಾಗಿರುವುದರಿಂದ ಆದ ದೊಡ್ಡ ಉಪಕಾರ ಬೇರೆ ಇದೆ. ಯೋಚನೆಗಳನ್ನು ಬಿಡಿಸಿ ನೋಡುವ ಚಿಕಿತ್ಸಕರನ್ನು ತಯಾರು ಮಾಡಲು ವರ್ಷಗಳು ಬೇಕು. ಇದಕ್ಕೆ ಅಷ್ಟು ಬೇಡ. ಇಂಗ್ಲೆಂಡಿನಲ್ಲಿ ಡೇವಿಡ್ ರಿಚರ್ಡ್ಸ್ ತಂಡ 440 ಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಿರಿಯ ಆರೋಗ್ಯ ಕಾರ್ಯಕರ್ತರು ಕೊಟ್ಟ ಬಿಹೇವಿಯರಲ್ ಆ್ಯಕ್ಟಿವೇಶನ್, ನುರಿತ ಚಿಕಿತ್ಸಕರು ಕೊಟ್ಟ ಸಿಬಿಟಿಗೆ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ನಡವಳಿಕೆ ಎರಡನ್ನೂ ತಿದ್ದುವ ಚಿಕಿತ್ಸೆ) ಕಡಿಮೆಯಾಗಲಿಲ್ಲ, ಖರ್ಚೂ ಕಮ್ಮಿ. ನನಗೆ ಅದಕ್ಕಿಂತ ಹತ್ತಿರದ್ದು ಗೋವಾ. ಕಾರವಾರದಿಂದ ಮಾಜಾಳಿ ದಾಟಿದರೆ ಸಿಗುವ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮಾನಸಿಕ ಆರೋಗ್ಯದ ಯಾವ ಪದವಿಯೂ ಇಲ್ಲದ ಊರಿನ ಜನರನ್ನೇ ಆರಿಸಿ ಈ ಚಿಕಿತ್ಸೆಯ ತರಬೇತಿ ಕೊಟ್ಟರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ, ಖಿನ್ನತೆ ತೀವ್ರವಾಗಿದ್ದ 495 ಜನ ಆ ಪ್ರಯೋಗದಲ್ಲಿದ್ದರು, ಎರಡು ಗುಂಪಾಗಿ. ಈ ಚಿಕಿತ್ಸೆಯ ಗುಂಪಿನಲ್ಲಿ ಒಬ್ಬೊಬ್ಬರಿಗೆ ಆರರಿಂದ ಎಂಟು ಭೇಟಿ, ಆರೋಗ್ಯ ಕೇಂದ್ರದಲ್ಲಿ ಅಥವಾ ಮನೆಯಲ್ಲಿ. ಡಿಮಿಜಿಯನ್ ಕೂಡ ಆ ತಂಡದಲ್ಲಿದ್ದರು. 2017ರಲ್ಲಿ ಬಂದ ಫಲಿತಾಂಶದಲ್ಲಿ ಮೂರು ತಿಂಗಳಿಗೆ ಖಿನ್ನತೆಯ ಅಳತೆ ಗೊತ್ತುಮಾಡಿದ ಗೆರೆಯಿಂದ ಕೆಳಗಿಳಿದವರು ಈ ಗುಂಪಿನಲ್ಲಿ ಶೇ. 64, ಮಾಮೂಲಿ ಚಿಕಿತ್ಸೆಯನ್ನೇ ಸ್ವಲ್ಪ ಸುಧಾರಿಸಿ ಕೊಟ್ಟ ಗುಂಪಿನಲ್ಲಿ ಶೇ. 39. ಕೆಲಸಕ್ಕೆ ಹೋಗಲಾಗದೆ ಕಳೆದ ದಿನಗಳೂ ಕಡಿಮೆಯಾಗಿದ್ದವು.

ನಮ್ಮಲ್ಲೂ ಇದರ ದಾರಿ ಹಳೆಯದು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಇಳಿಸಿತ್ತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಈಗ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆಶಾ ಕಾರ್ಯಕರ್ತೆಯೊಬ್ಬಳ ಚೀಲದಲ್ಲಿ ಗೆರೆ ಹಾಕಿದ ಅಂಥ ಒಂದು ಪುಸ್ತಕ ಇರಬೇಕು ಅನ್ನುವುದು ನನ್ನ ಆಸೆ. ಅವಳ ಮೇಲೆ ಈಗಾಗಲೇ ಎಷ್ಟು ಹೊರೆ ಇದೆ ಅಂತಲೂ ಗೊತ್ತು. ಸರಿಯಾದ ಸಂಬಳ ಕೊಡದೆ ಇನ್ನೊಂದು ಪುಸ್ತಕ ಹೊರಿಸುವುದು ತಪ್ಪು.

ಶೇ. 64 ಅಂದರೆ ಉಳಿದ 36 ಜನ ಎಲ್ಲಿ ಅಂತ ಕೇಳುವುದು ನನ್ನ ವೃತ್ತಿಯ ಅಭ್ಯಾಸ. ಅವರಿಗೆ ಇದೊಂದೇ ಸಾಲಲಿಲ್ಲ. ಕುಡಿದು ಹೊಡೆಯುವ ಗಂಡನ ಮನೆಯಲ್ಲಿ, ಸಾಲಗಾರರು ಬಾಗಿಲು ಬಡಿಯುವ ಮನೆಯಲ್ಲಿ, ಹಿತವಾದದ್ದನ್ನು ಮಾಡಿ ಅನ್ನುವುದು ಕ್ರೂರವೂ ಆಗಬಹುದು. ಗೋವಾದವರು ಅದಕ್ಕೇ ಸಮಸ್ಯೆ ಬಿಡಿಸುವುದನ್ನೂ ಮನೆಯವರನ್ನು ಜೊತೆ ಸೇರಿಸಿಕೊಳ್ಳುವುದನ್ನೂ ಚಿಕಿತ್ಸೆಯೊಳಗೇ ಇಟ್ಟಿದ್ದರು. ನನಗೆ ಸಂಬಳದ ರಜೆಯಿತ್ತು, ಹಿತ್ತಾಳೆ ಫಿಲ್ಟರ್ ಇತ್ತು, ಗೋಡೆಯಾಚೆ ಲೆಕ್ಕ ಕೇಳುವ ಹುಡುಗಿಯಿದ್ದಳು. ಅಷ್ಟೂ ಇಲ್ಲದವರ ಪುಸ್ತಕದಲ್ಲಿ ಆ 4 ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಪುಸ್ತಕದ ಹನ್ನೊಂದನೇ ವಾರ ಡಿಸೆಂಬರಿನದು. ಆ ಭಾನುವಾರದ ಕೆಲಸವನ್ನು ನಾನೇ ಬರೆದುಕೊಂಡಿದ್ದೆ: ಸಂತೆಯಿಂದ ಎರಡು ಕೆಜಿ ಅವರೆಕಾಯಿ, ಪಕ್ಕದ ಮನೆಯವರ ಜಗುಲಿಯಲ್ಲಿ ಕೂತು ಸುಲಿಯುವುದು, ಒಂದು ಗಂಟೆ. ಬೆಳಗ್ಗೆ ಹೋಗಲು ಮನಸ್ಸಿರಲಿಲ್ಲ, ಹಾಗಂತ ಬರೆದಿಟ್ಟಿದ್ದೇನೆ ಕೂಡ. ಹೋದೆ. ಹುಡುಗಿ, ಅವಳಮ್ಮ, ಅಜ್ಜಿ, ನಾನು. ಅಜ್ಜಿ ಬೀದಿಯವರ ಸುದ್ದಿ ಹೇಳುತ್ತಿದ್ದರು. ಒಂದು ಗಂಟೆ ಎರಡೂವರೆಯಾಯಿತು. ರಾತ್ರಿ ನೆನೆಹಾಕಿ ಹಿತಕಿದೆ. ಸಿಪ್ಪೆಯಿಂದ ಬೇಳೆ ಜಾರಿ ಬೋಗುಣಿಗೆ ಬೀಳುವಾಗ ಅಮ್ಮ ಹಿತಕುತ್ತಿದ್ದ ವೇಗ ನೆನಪಾಯಿತು, ಅಳು ಬಂತು, ಅಳುತ್ತಲೇ ಪೂರ್ತಿ ಹಿತಕಿ ಮುಗಿಸಿದೆ. ಆ ಚೌಕದಲ್ಲಿ ಅಂಕಿ ಹಾಕುವುದು ಮರೆತುಹೋಗಿದೆ. ಸೋಮವಾರ ನಾನು ಮತ್ತೆ ಕಾಲೇಜಿಗೆ ಹೋದ ಮೊದಲ ದಿನ. ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿದಾಗ ಬೆರಳುಗಳಲ್ಲಿ ಇನ್ನೂ ಸೊಗಡಿತ್ತು.